ಬ್ಲಾಕ್‌ಚೈನ್ ಕೆಲಸಕ್ಕೆ ತಯಾರು ಮಾಡಿದ ಟೈಪಿಂಗ್ ಮೇಡಂ

ಟೈಪಿಂಗ್ ಮೇಡಂ ಹೋಗಿಬಿಟ್ಟರು ಅಂತ ಕಳೆದ ತಿಂಗಳು ನಮ್ಮ ಹಳೇ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಹಾಕಿದವನು ಅವಸರದಲ್ಲಿ ಮೂರು ಸಾಲು ತಪ್ಪುತಪ್ಪಾಗಿ ಒತ್ತಿದ್ದ. ಕೈಮುಗಿದ ಚಿತ್ರಗಳು ಸಾಲುಗಟ್ಟುವ ಮೊದಲೇ ಇಬ್ಬರು ಅವನ ತಪ್ಪುಗಳನ್ನು ತಿದ್ದಿ ವಾಪಸ್ ಹಾಕಿದ್ದರು. ಸಾವಿನ ಸುದ್ದಿಯಲ್ಲೂ ತಿದ್ದುತ್ತೀರಲ್ಲ, ನಿಮಗೆ ಮನುಷ್ಯತ್ವ ಇದೆಯಾ ಅಂತ ಮೂರನೆಯವಳು ಬೈದಳು. ಮೇಡಂ ಇದ್ದಿದ್ದರೆ ತಿದ್ದಿದವರ ಬೆನ್ನು ತಟ್ಟಿ, ಬೈದವಳಿಗೆ ಕಾಫಿ ತರಿಸಿಕೊಟ್ಟು, ಆ ಮೂರು ಸಾಲನ್ನು ಇನ್ನೊಮ್ಮೆ ಹೊಡಿಯಪ್ಪ ಅಂತ ಹುಡುಗನನ್ನು ಕೂರಿಸುತ್ತಿದ್ದರು.

ಅವರಿಗೂ ಒಂದು ಹೆಸರಿತ್ತು, ಬೋರ್ಡಿನ ಮೇಲೆ ದಪ್ಪಕ್ಷರದಲ್ಲೇ ಇತ್ತು. ಆದರೆ ಶಿಡ್ಲಘಟ್ಟದಲ್ಲಿ ಅವರನ್ನು ಆ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮಹಡಿ ಮೇಲೆ ಅವರ ಇನ್‌ಸ್ಟಿಟ್ಯೂಟ್. ಕೆಳಗೆ ರೇಷ್ಮೆ ನೂಲು ತೆಗೆಯುವ ಘಟಕ. ಗೂಡು ಬೇಯುವ ವಾಸನೆ ಮೆಟ್ಟಿಲು ಹತ್ತಿ ನಮ್ಮ ಪಕ್ಕದಲ್ಲೇ ಕೂತು ಪಾಠ ಕೇಳುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಂಡರೆ ಮೇಡಂ, "ಈಗೆಲ್ಲ ಇಂಟರ್‌ವ್ಯೂ ಆನ್‌ಲೈನ್ ಆಗಿರೋದು ನಮ್ಮೂರಿನ ಪುಣ್ಯ ಕಣಪ್ಪ, ಮುಖ ಹೋಗುತ್ತೆ, ವಾಸನೆ ಹೋಗಲ್ಲ" ಅನ್ನುತ್ತಿದ್ದರು.

ಬೋರ್ಡಿನ ಮೇಲ್ಗಡೆ ಟೈಪ್‌ರೈಟಿಂಗ್ ಅಂತಿತ್ತು. ಕಾಲ ಕಾಲಕ್ಕೆ ಅದರ ಕೆಳಗೆ ಕಂಪ್ಯೂಟರ್, ಟ್ಯಾಲಿ, ಸ್ಪೋಕನ್ ಇಂಗ್ಲಿಷ್ ಅಂತ ಸೇರುತ್ತಾ ಹೋಗಿ, ಕೊರೋನಾ ಕಳೆದ ಮೇಲೆ 'ಬ್ಲಾಕ್‌ಚೈನ್ ಉದ್ಯೋಗ ತಯಾರಿ' ಅನ್ನುವುದೂ ಬಂತು. ಅಷ್ಟರಲ್ಲಿ ಬೋರ್ಡಿನಲ್ಲಿ ಜಾಗ ಮುಗಿದಿತ್ತು. ಆ ಕೊನೆಯ ಸಾಲು ಎಷ್ಟು ಚಿಕ್ಕದಾಗಿತ್ತೆಂದರೆ, ಓದಬೇಕಾದರೆ ಮಹಡಿ ಹತ್ತಬೇಕು. ಹತ್ತಿದವರನ್ನು ಮೇಡಂ ಸುಮ್ಮನೆ ಇಳಿಯಲು ಬಿಡುತ್ತಿರಲಿಲ್ಲ.

ನಾನು ಹತ್ತಿದ್ದು ಹಾಗೆಯೇ. ನಮ್ಮದು ಸಾದಲಿ. ಬಿಸಿಎ ಮುಗಿಸಿ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಮಂಚೇನಹಳ್ಳಿಯ ಸೋದರಮಾವನ ಮನೆಯಲ್ಲಿ ವಾಸ, ಕಂಪನಿ ಬಸ್ಸಿನಲ್ಲಿ ಓಡಾಟ. ಆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಬ್ಲಾಕ್‌ಚೈನ್ ಪಾಠಗಳನ್ನು ನೋಡುತ್ತಾ ನೋಡುತ್ತಾ ಅದರ ಹುಚ್ಚು ಹಿಡಿಯಿತು. ಕಾರ್ಖಾನೆ ಕೆಟ್ಟದ್ದೇನಲ್ಲ, ಮೇಲಿನವರು ಒಳ್ಳೆಯವರೇ. ಆದರೆ ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತಿತ್ತು, ತಲೆ ಮಾತ್ರ ಬೆಳಿಗ್ಗೆ ಹೇಗೆ ಹೋಗಿತ್ತೋ ಹಾಗೇ ಬಳಸದೆ ವಾಪಸ್ ಬರುತ್ತಿತ್ತು. ಬಿಟ್ಟು ಬಂದೆ. ಮನೆಯಲ್ಲಿ ಕೂತು ಏಳು ತಿಂಗಳು ಕಲಿತೆ. ಕೊನೆಗೆ ಮಾವ ಕಾರ್ಖಾನೆಯಲ್ಲಿ ಮಾತಾಡಿ, "ಯುಗಾದಿ ಆದ್ಮೇಲಿನ ಸೋಮವಾರ ಬಂದು ಸೇರ್ಕೊಂಡ್ರೆ ಜಾಗ ಇದೆ ಅಂದವ್ರೆ. ಅಷ್ಟರೊಳಗೆ ನಿನ್ನ ಆ ಕೆಲಸ ಸಿಕ್ಕಿದ್ರೆ ಸಿಕ್ತು. ಇಲ್ಲಾಂದ್ರೆ ಆ ಲ್ಯಾಪ್‌ಟಾಪ್ ಮುಚ್ಚಿಟ್ಟು ಬಾ" ಅಂದರು. ಅಪ್ಪ ತಲೆಯಾಡಿಸಿದರು. ನಾನೂ ಒಪ್ಪಿಕೊಂಡೆ, ಒಳಗೊಳಗೇ ಹೆದರಿಕೊಂಡು.

ಯುಗಾದಿಗೆ ಇನ್ನೂ ಮೂರು ತಿಂಗಳಿತ್ತು. ಮೇಡಂ ಮುಂದೆ ಹೋಗಿ ಕೂತೆ. ಕುಳ್ಳಗಿನ ಹೆಂಗಸು, ಗಂಜಿ ಹಾಕಿದ ಕಾಟನ್ ಸೀರೆ, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್, ಕೈಯಲ್ಲಿ ಮರದ ಸ್ಕೇಲು. ಆ ಸ್ಕೇಲಿನಿಂದ ಯಾರಿಗೂ ಹೊಡೆದವರಲ್ಲ, ಪೆಟ್ಟೆಲ್ಲ ಮೇಜಿಗೇ.

"ಏನು ಕೆಲಸ ಬೇಕಮ್ಮ?"

"ಬ್ಲಾಕ್‌ಚೈನ್ ಟೆಸ್ಟಿಂಗ್ ಮೇಡಂ."

"ಹೌದಾ? ಹಂಗಂದ್ರೆ ಏನು ಅಂತ ನಂಗೂ ಒಸಿ ಹೇಳು. ಬೋರ್ಡ್ ಹಾಕಿದ ದಿನದಿಂದ ಕೇಳ್ತಾ ಇದೀನಿ, ಒಬ್ಬರೂ ನೆಟ್ಟಗೆ ಹೇಳಿಲ್ಲ."

ನಾನು ಗೊತ್ತಿದ್ದಷ್ಟು ಹೇಳಿದೆ. ಒಂದೇ ವ್ಯವಹಾರದ ನಕಲು ನೂರಾರು ಕಂಪ್ಯೂಟರಿನಲ್ಲಿ ಇರುತ್ತದೆ, ಒಂದರಲ್ಲಿ ತಿದ್ದಿದರೆ ಮಿಕ್ಕವು ಒಪ್ಪುವುದಿಲ್ಲ ಅಂತ. ಮೇಡಂ ಕಣ್ಣು ಮುಚ್ಚಿ ಕೇಳಿ, "ಓ, ಕಾರ್ಬನ್ ಕಾಪಿ" ಅಂದರು. "ಒಂದೇ ಏಟಿಗೆ ಐದು ಕಾಪಿ ಹೊಡೀತಿದ್ವಿ. ಮೇಲಿನ ಹಾಳೇಲಿ ರಬ್ಬರ್ ಹಾಕಿ ತಿದ್ದಿದ್ರೆ ಕೆಳಗಿನ ನಾಲ್ಕೂ ಸಾಕ್ಷಿ ಹೇಳ್ತಿದ್ವು. ಇಷ್ಟಕ್ಕೆ ಇಷ್ಟೊಂದು ಗಲಾಟೆನಾ?" ಬ್ಲಾಕ್‌ಚೈನ್ ಬಗ್ಗೆ ಅವರ ಜ್ಞಾನ ಅಲ್ಲಿಗೆ ಪೂರ್ತಿಯಾಯಿತು. ಮುಂದೆ ಅದನ್ನು ಬೆಳೆಸುವ ಅಗತ್ಯ ಅವರಿಗೆ ಕಾಣಲಿಲ್ಲ.

ಆದರೆ ಕೆಲಸದ ಜಾಹೀರಾತು ಓದುವುದರಲ್ಲಿ ಅವರದು ಎತ್ತಿದ ಕೈ. ಬೆಳಿಗ್ಗೆ ಬಂದ ತಕ್ಷಣ ಇಂಟರ್‌ನೆಟ್ಟಿನಲ್ಲಿ ಬಂದಿರುವ ಬ್ಲಾಕ್‌ಚೈನ್ ಉದ್ಯೋಗಗಳನ್ನೆಲ್ಲ ಒಬ್ಬರು ಜೋರಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಗೂಡಿನ ಮಾರುಕಟ್ಟೆಯ ರೇಟು ಕೇಳುವವರ ಗತ್ತು. ಮೊದಲು ಬ್ಲಾಕ್‌ಚೈನಿನಲ್ಲಿ ಓಡಾಡುವ ಬಿಟ್‌ಕಾಯಿನ್ನಿನಂಥ ಕಾಯಿನ್ನುಗಳ ಬೆಲೆ ಏರಿದ್ದಾಗ ಕಂಪನಿಗಳು ಸಿಕ್ಕಸಿಕ್ಕವರನ್ನೆಲ್ಲ ತೆಗೆದುಕೊಂಡವಂತೆ. ಬೆಲೆ ಬಿದ್ದದ್ದೇ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿದವು. ಮತ್ತೆ ಕರೆಯಲು ಶುರು ಮಾಡಿದಾಗ ಕೇಳುವುದೇ ಬೇರೆಯಾಗಿತ್ತು. ಹೊಸದು ಕಟ್ಟುವವರಿಗಿಂತ ಕಟ್ಟಿದ್ದರಲ್ಲಿ ತಪ್ಪು ಹಿಡಿಯುವವರು ಬೇಕು, ಅರ್ಥವಾಗುವ ಹಾಗೆ ಬರೆದಿಡುವವರು ಬೇಕು, ದುಡ್ಡು ಹೋಯಿತು ಅಂತ ಚಾಟ್ ಗುಂಪಿನಲ್ಲಿ ಕೂಗಾಡುವವರನ್ನು ಸಮಾಧಾನ ಮಾಡುವವರು ಬೇಕು. ಮೇಡಂ ಕಣ್ಣು ಬಿಟ್ಟು, "ಮೂರನೇದಕ್ಕೆ ನಮ್ಮತ್ತೆ ಇದ್ದಿದ್ರೆ ಸರಿಹೋಗೋರು" ಅಂದರು.

ಅವರಿಗೆ ಅರಗದೆ ಉಳಿದದ್ದು ಒಂದೇ. ಈ ಕಂಪನಿಗಳು ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ. ನೀನು ಬರೆದ ಕೋಡನ್ನು ಎಲ್ಲರಿಗೂ ಕಾಣುವ ಹಾಗೆ ಗಿಟ್‌ಹಬ್ ಅನ್ನುವ ಜಾಲತಾಣದಲ್ಲಿ ಇಡು, ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕಿ ತೋರಿಸು, ಆಮೇಲೆ ಮಾತಾಡೋಣ ಅನ್ನುತ್ತವೆ. "ಕೆಲಸ ಮಾಡಿ ತೋರಿಸಿ ಆಮೇಲೆ ಕೆಲಸ ಕೇಳ್ಬೇಕಂತೆ. ನಮ್ ಕಾಲದಲ್ಲಿ ಕೆಲಸ ಸಿಕ್ಕಿದ ಮೇಲೂ ಮಾಡ್ತಿರಲಿಲ್ಲ" ಅಂತ ಅವರಿಗೆ ನಿಜವಾದ ಬೇಸರ. ಆದರೂ ದಿನವೂ ನನ್ನ ಪಕ್ಕ ಕೂತು, "ಇವತ್ತು ಯಾರ ತಪ್ಪು ಹಿಡಿದೆ?" ಅಂತ ಚಾಡಿ ಕೇಳುವ ಹುರುಪಿನಲ್ಲಿ ಕೇಳುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮ ಬ್ಯಾಚಿನ ಚಿಂತಾಮಣಿಯ ಹುಡುಗನಿಗೆ ಫೋನ್ ಬಂತು. ಇಂಟರ್‌ವ್ಯೂ ಇಲ್ಲದೆಯೇ ನೀವು ಸೆಲೆಕ್ಟ್ ಆಗಿದ್ದೀರಿ, ಒಂದು ಫೈಲ್ ಕಳಿಸುತ್ತೇವೆ, ತೆರೆದು ಟೆಸ್ಟ್ ಬರೆಯಿರಿ ಅಂತ. ಅಂಥ ಫೈಲ್ ತೆರೆದರೆ ಕಂಪ್ಯೂಟರಿನೊಳಗಿನದೆಲ್ಲ ಕಳ್ಳರ ಪಾಲಾಗುತ್ತದೆ ಅಂತ ನಾನು ಓದಿದ್ದೆ. ಬೇಡ ಅಂತ ಕೈಸನ್ನೆ ಮಾಡಿದೆ. ಮೇಡಂ ಫೋನ್ ಇಸಿದುಕೊಂಡು ಸ್ಪೀಕರಿಗೆ ಹಾಕಿದರು.

"ನಾನು ಹುಡುಗನ ಮ್ಯಾನೇಜರ್ ಮಾತಾಡ್ತಿರೋದು ಸರ್. ಮೊದಲು ನಿಮ್ಮ ಬಗ್ಗೆ ಸ್ವಲ್ಪ ಹೇಳಿ."

ಆ ಕಡೆಯವನು ಗಾಬರಿಯಿಂದಲೋ ಅಭ್ಯಾಸಬಲದಿಂದಲೋ ಹೇಳಿಯೇಬಿಟ್ಟ. ಮೇಡಂ ಅವನ ಓದು ಕೇಳಿದರು, ಐದು ವರ್ಷ ಆದಮೇಲೆ ಎಲ್ಲಿರಬೇಕು ಅಂತ ಆಸೆ ಅಂತ ಕೇಳಿದರು, ನಿಮ್ಮ ವೀಕ್‌ನೆಸ್ ಏನು ಅಂದರು. ಅಲ್ಲಿ ಅವನು ತಡವರಿಸಿದ. "ನೋಡಪ್ಪ, ವೀಕ್‌ನೆಸ್ ಕೇಳಿದ್ರೆ ಹಂಗೆ ಅ ಅ ಅನ್ನಬಾರದು. ದನಿ ಚೆನ್ನಾಗಿದೆ, ಯಾಕೆ ಈ ಕಳ್ಳತನ ಎಲ್ಲ? ಸಂಜೆ ಆರಕ್ಕೆ ನಮ್ಮಲ್ಲಿ ಬ್ಯಾಚ್ ಇದೆ, ಆನ್‌ಲೈನಲ್ಲೇ ಸೇರ್ಕೋ" ಅಂದರು. ಆಮೇಲೆ ಅವನು, "ಫೀಸ್ ಎಷ್ಟು ಮೇಡಂ?" ಅಂತ ಕೇಳಿದ.

ಇಷ್ಟೆಲ್ಲ ಬುದ್ಧಿಯಿದ್ದ ಹೆಂಗಸಿಗೆ ಒಂದು ವಿಷಯದಲ್ಲಿ ಮಾತ್ರ ನನ್ನ ಜೊತೆ ದಿನಾ ಜಗಳ. ಇಂಟರ್‌ವ್ಯೂ ಅನ್ನುವುದು ಹೆಣ್ಣು ನೋಡುವ ಶಾಸ್ತ್ರ ಅನ್ನುವುದು ಅವರ ಸಿದ್ಧಾಂತ. "ಉಪ್ಪಿಟ್ಟು, ಕೇಸರಿಬಾತು ಮಾಡಿರೋದು ಅತ್ತಿಗೆ. ಹುಡುಗೀನೇ ಮಾಡಿದ್ದು ಅಂತ ಅವಳ ಅಪ್ಪ ಹೇಳ್ತಾನೆ. ಬಂದೋರಿಗೂ ಗೊತ್ತು ಅದು ಸುಳ್ಳು ಅಂತ. ಆದ್ರೂ ತಿಂದು ಚೆನ್ನಾಗಿದೆ ಕಣಮ್ಮ ಅಂತಾರೆ. ಅದು ಸುಳ್ಳಲ್ಲ, ಮರ್ಯಾದೆ." ಹಾಗಾಗಿ ನನ್ನ ರೆಸ್ಯೂಮೆಯಲ್ಲಿ ಏಳು ತಿಂಗಳ ಕಲಿಕೆ ಮೂರು ವರ್ಷದ ಅನುಭವ ಆಗಬೇಕು. ನಾನು ಬೇಡ ಅಂದೆ. ಅವರೇ ಕೂತು ಟೈಪ್ ಮಾಡಿ, ನನ್ನ ಕಣ್ಣೆದುರೇ ಕಂಪನಿಗಳಿಗೆ ಕಳಿಸಿಬಿಟ್ಟರು. ಕೊನೆಯಲ್ಲಿ, ನಿಮ್ಮ ಬಗ್ಗೆ ಯಾರನ್ನು ವಿಚಾರಿಸಬೇಕು ಅಂತ ಕೇಳುವ ರೆಫರೆನ್ಸ್ ಜಾಗಕ್ಕೆ ತಮ್ಮ ಫೋನ್ ನಂಬರನ್ನೂ ಹಾಕಿಕೊಂಡರು.

ಆಮೇಲೆ ಶುರುವಾಯಿತು ತಾಲೀಮು.

"ಎಷ್ಟು ವರ್ಷ ಎಕ್ಸ್‌ಪೀರಿಯನ್ಸ್?"

"ಏಳು ತಿಂಗಳು ಮೇಡಂ."

ಸ್ಕೇಲು ಮೇಜಿಗೆ. "ಎಷ್ಟು ವರ್ಷ?"

"ಮೂ... ಮನೇಲಿ ಕಲಿತಿದ್ದು ಏಳು ತಿಂಗಳು."

ಮತ್ತೆ ಸ್ಕೇಲು. ನಾನು ಕಣ್ಣು ಮುಚ್ಚಿ ಹೇಳಿದೆ, ಗೋಡೆಗೆ ಮುಖ ಮಾಡಿ ಹೇಳಿದೆ, ಬಾಯಿಪಾಠ ಮಾಡಿ ಹೇಳಿದೆ. ಮೂರು ಅನ್ನುವ ಹೊತ್ತಿಗೆ ಕಿವಿ ಕೆಂಪಾಗಿ ದನಿ ಇಳಿದುಹೋಗುತ್ತಿತ್ತು. "ಕರ್ಮ ಕಣೇ ನಿಂದು. ಇಷ್ಟು ಚಿಕ್ಕ ಸುಳ್ಳು ಹೇಳೋಕೆ ಬರದೋಳು ನಾಳೆ ಸಂಸಾರ ಹೆಂಗೆ ಮಾಡ್ತೀಯ?" ಅಂತ ತಲೆ ಚಚ್ಚಿಕೊಳ್ಳುತ್ತಿದ್ದರು.

ಅಂತೂ ಒಂದು ವಿದೇಶಿ ಬ್ಲಾಕ್‌ಚೈನ್ ಕಂಪನಿಯ ಕೊನೆಯ ಸುತ್ತಿಗೆ ನನ್ನ ಹೆಸರು ಬಂತು. ಮನೆಯಲ್ಲೇ ಕೂತು ಮಾಡುವ ಕೆಲಸ. ಮೊದಲ ಸುತ್ತುಗಳಲ್ಲಿ ನಾನು ಹುಡುಕಿಕೊಟ್ಟ ತಪ್ಪುಗಳು ಅವರಿಗೆ ಹಿಡಿಸಿದ್ದವು. ಯುಗಾದಿಗೆ ಒಂದು ವಾರ ಬಾಕಿ. ಸಾದಲಿಯಲ್ಲಿ ಕರೆಂಟು ನಂಬುವ ಹಾಗಿಲ್ಲ ಅಂತ ಇಂಟರ್‌ವ್ಯೂ ಇನ್‌ಸ್ಟಿಟ್ಯೂಟಿನಲ್ಲೇ ಅಂತಾಯಿತು. ಇದಾದರೆ ಲ್ಯಾಪ್‌ಟಾಪ್, ಆಗದಿದ್ದರೆ ಪ್ಯಾಕಿಂಗು. ನನಗೆ ಮೂರು ದಿನ ಅನ್ನ ಸೇರಲಿಲ್ಲ.

ಮೇಡಂ ಮಾತ್ರ ಹೆಣ್ಣಿನ ಮನೆಯವರ ಸಡಗರದಲ್ಲಿದ್ದರು. ಅಂಥ ದಿನಗಳಲ್ಲಿ ನಮ್ಮ ಕಡೆ ಅಕ್ಕಪಕ್ಕದ ಮನೆಗಳಿಂದ ಕುರ್ಚಿ, ಬೆಳ್ಳಿ ಲೋಟ ತಂದು ಜೋಡಿಸುವುದು ವಾಡಿಕೆ. ಮೇಡಂ ಎದುರುಗಡೆ ವಕೀಲರ ಆಫೀಸಿನಿಂದ ಕಾನೂನಿನ ದಪ್ಪ ಪುಸ್ತಕಗಳನ್ನು ತರಿಸಿ ನನ್ನ ಹಿಂದೆ ಜೋಡಿಸಿದರು. ಕೆಳಗಿನ ನೂಲು ಘಟಕದವರ ಮನೆಯಿಂದ ಒರಗು ಕುರ್ಚಿ ಬಂತು. ಟೈಪ್‌ರೈಟರುಗಳು ಕಾಣದ ಹಾಗೆ ಅಡ್ಡಲಾಗಿ ಹಗ್ಗ ಕಟ್ಟಿ, ಹೊಸ ಹೂವಿನ ಬೆಡ್‌ಶೀಟನ್ನು ಪರದೆ ಮಾಡಿ ಇಳಿಬಿಟ್ಟರು. ನನಗೆ ರೇಷ್ಮೆ ಸೀರೆ ಉಡಿಸಿದರು. ಮಲ್ಲಿಗೆ ಬೇಡವೇ ಬೇಡ ಅಂತ ನಾನು ಹಟ ಹಿಡಿದು ಗೆದ್ದೆ. ಶಾಸ್ತ್ರಕ್ಕಿರಲಿ ಅಂತ ಮನೆಯಿಂದ ಕೇಸರಿಬಾತೂ ತಂದಿದ್ದರು. ಎಲ್ಲ ಮುಗಿದ ಮೇಲೆ ಸ್ಕೇಲು ಹಿಡಿದು ಪರದೆಯ ಹಿಂದೆ ಹೋಗಿ ನಿಂತರು.

ಪರದೆಯ ಈಚೆ ಲ್ಯಾಪ್‌ಟಾಪಿನಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡರು. ಯೂರೋಪಿನ ಯಾವುದೋ ಊರಿನಲ್ಲಿ ಕೂತವರು, ತುಂಡು ಕೂದಲು, ಹೆಸರಿನ ಜಾಗದಲ್ಲಿ ಬರೀ ಎರಡಕ್ಷರ, ಮೂಗಿನಲ್ಲಿ ಬರುವ ಇಂಗ್ಲಿಷು. ಮೊದಲ ಮಾತೇ, ನಿಮ್ಮ ಕೈಯನ್ನು ಮುಖದ ಮುಂದೆ ನಿಧಾನವಾಗಿ ಆಡಿಸಿ ಅಂತ. ಈಗ ಈ ಉದ್ಯಮದಲ್ಲಿ ಸುಳ್ಳು ಅಭ್ಯರ್ಥಿಗಳ ಕಾಟ ವಿಪರೀತ. ಮುಖ ಒಬ್ಬರದು, ದನಿ ಇನ್ನೊಬ್ಬರದು. ಕಂಪ್ಯೂಟರಿನಲ್ಲೇ ಮುಖ ಮಾಡಿ ಕೂರಿಸುತ್ತಾರೆ. ಅಂಥ ಮುಖಕ್ಕೆ ಕೈ ಅಡ್ಡ ಬಂದರೆ ಕಲಸಿಹೋಗುತ್ತದಂತೆ. ನಾನು ಕೈ ಆಡಿಸಿದೆ, ಮುಖ ಕಲಸಲಿಲ್ಲ. ಪರದೆಯ ಸಂದಿಯಿಂದ ನೋಡುತ್ತಿದ್ದ ಮೇಡಂ ಆಮೇಲೆ, "ಪರವಾಗಿಲ್ವೇ, ಪರದೇಶದೋರೂ ದೃಷ್ಟಿ ತೆಗೆಸ್ತಾರೆ" ಅಂದರು.

ಎರಡನೆಯ ಪ್ರಶ್ನೆ ಅದೇ. "ನಿಮ್ಮ ರೆಸ್ಯೂಮೆಯಲ್ಲಿ ಮೂರು ವರ್ಷದ ಅನುಭವ ಅಂತಿದೆ. ಹೌದಾ?"

ನನ್ನ ಕಿವಿ ಬಿಸಿಯಾಯಿತು. ಬಾಯಿ ತೆರೆದೆ, ಮುಚ್ಚಿದೆ. ಪರದೆಯ ಹಿಂದೆ ಮೇಡಂಗೆ ತಡೆಯಲಿಲ್ಲ. ನಮ್ಮ ಕಡೆಯವರಿಗೆ ಒಂದು ಅಭ್ಯಾಸ. ಪರಸ್ಥಳದವರ ಮುಂದೆ ಗುಟ್ಟು ಮಾತಾಡಬೇಕಾದರೆ ತೆಲುಗಿಗೆ ಇಳಿಯುತ್ತೇವೆ, ಲೋಕದಲ್ಲಿ ಇನ್ಯಾರಿಗೂ ಬರುವುದಿಲ್ಲ ಅನ್ನುವ ಧೈರ್ಯದಲ್ಲಿ.

"ಮೂಡೇಳ್ಳು ಅನಿ ಚೆಪ್ಪವೇ" ಅಂತ ಮೇಡಂ ಗದರಿದರು. ಮೂರು ವರ್ಷ ಅನ್ನೇ ಅಂತ.

ಲ್ಯಾಪ್‌ಟಾಪಿನೊಳಗಿನ ಹೆಂಗಸು ಕ್ಯಾಮೆರಾಗೆ ಮುಖ ಹತ್ತಿರ ತಂದರು. ಆಮೇಲೆ ಮೂಗಿನ ಇಂಗ್ಲಿಷು ಪೂರ್ತಿ ಇಳಿದುಹೋದ ದನಿಯಲ್ಲಿ, "ಎವರಂಡಿ ಅಕ್ಕಡ?" ಅಂದರು. ಯಾರ್ರೀ ಅಲ್ಲಿ?

ಅವರು ಹಿಂದೂಪುರದವರು. ನಮ್ಮ ಗೌರಿಬಿದನೂರಿನಿಂದ ಬಸ್ಸು ಹತ್ತಿದರೆ ಗಡಿ ದಾಟಿದ್ದೇ ಸಿಗುವ ಊರು.

ಮೇಡಂ ಪರದೆ ಸರಿಸಿ ಹೊರಗೆ ಬಂದರು. ಹಗ್ಗ ಜಾರಿ ಬೆಡ್‌ಶೀಟು ಬಿತ್ತು, ಹಿಂದೆ ಮುಸುಕು ಹೊದ್ದ ಟೈಪ್‌ರೈಟರುಗಳು ಸಾಲಾಗಿ ಕಂಡವು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಸ್ಕೇಲು ಹಿಡಿದೇ ಕ್ಯಾಮೆರಾಗೆ ಕೈಮುಗಿದು, "ನಾನು ಇವಳ ಟೀಚರು. ಇಲ್ಲಿ ಡೂಪ್ಲಿಕೇಟ್ ಅಂತ ಇದ್ರೆ ನಾನೇ. ಪಿಲ್ಲ ಒರಿಜಿನಲ್" ಅಂದರು, ಹುಡುಗಿ ಅಸಲಿ ಅಂತ. ಲ್ಯಾಪ್‌ಟಾಪಿನ ಹೆಂಗಸು ಅವರಿಗೆ ರೂಮಿನಿಂದ ಹೊರಗೆ ಹೋಗಲು ಹೇಳಿದರು. ಮೂವತ್ತು ವರ್ಷ ಬೇರೆಯವರನ್ನು ಕ್ಲಾಸಿನಿಂದ ಹೊರಗೆ ಕಳಿಸಿದ್ದ ಮೇಡಂ ತಲೆ ತಗ್ಗಿಸಿ ಹೋಗಿ ಮೆಟ್ಟಿಲ ಮೇಲೆ ನಿಂತರು. ನಾನು ಏಳು ತಿಂಗಳು ಅಂದೆ, ಪುಸ್ತಕ ವಕೀಲರದು ಅಂದೆ, ಕುರ್ಚಿ ಕೆಳಗಿನವರದು ಅಂದೆ. ಆಮೇಲೆ ಆ ಹೆಂಗಸು ಒಂದು ಕೋಡ್ ತೋರಿಸಿದರು. ಓದಿ ಅದರಲ್ಲಿದ್ದ ತಪ್ಪು ಹಿಡಿದೆ. ಅವರ ಮುಖ ಅಲುಗಲಿಲ್ಲ. ಹೇಳಿ ಕಳಿಸುತ್ತೇವೆ ಅಂತ ಕಾಲ್ ಕಡಿದುಹಾಕಿದರು.

ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಅಂತ ಗಂಡಿನ ಕಡೆಯವರು ಹೇಳಿದರೆ ಅದರ ಅರ್ಥ ಏನು ಅಂತ ಇಬ್ಬರಿಗೂ ಗೊತ್ತಿತ್ತು. ನನಗೆ ಅಳು, ಅದಕ್ಕಿಂತ ಹೆಚ್ಚು ಸಿಟ್ಟು. "ನಿಮ್ಮ ನಾಟಕದಿಂದ ನನ್ನ ಕೆಲಸ ಹೋಯ್ತು ಮೇಡಂ" ಅಂದುಬಿಟ್ಟೆ. ಅವರು ಕೇಸರಿಬಾತಿನ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿ, "ಕೋಪ ಮಾಡ್ಕೋ. ಹಸ್ಕೊಂಡು ಮಾಡ್ಕೋಬೇಡ" ಅಂದರು. ಬಸ್ಸಿನಲ್ಲಿ ಅಳುತ್ತಾ ಅಷ್ಟೂ ತಿಂದೆ. ಚೆನ್ನಾಗಿತ್ತು ಅನ್ನುವುದೇ ಇನ್ನಷ್ಟು ಸಿಟ್ಟು ತರಿಸಿತು.

ಯುಗಾದಿ ಬಂತು, ಹೋಯಿತು. ಬಟ್ಟೆಬರೆ ಕಟ್ಟಿಕೊಂಡು ಮಂಚೇನಹಳ್ಳಿಗೆ ಬಂದೆ. ಭಾನುವಾರ ಮಧ್ಯಾಹ್ನ ಅತ್ತೆ ನನ್ನ ಕಾರ್ಖಾನೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು. ಆಗ ಕಂಪನಿಯ ಮೇಲ್ ಬಂತು, ಕೆಲಸ ಕೊಟ್ಟಿದ್ದೇವೆ ಅಂತ. ಎರಡು ಸಲ ಓದಿದೆ, ಮಾವನಿಗೂ ಓದಿ ಹೇಳಿದೆ. ಇದು ಮೋಸದ್ದಲ್ಲ ತಾನೇ ಅಂತ ಅವರು ಮೂರು ಸಲ ಕೇಳಿದರು. ಮೇಡಂಗೆ ಫೋನ್ ಮಾಡಿದೆ. "ಗೊತ್ತಿತ್ತು ಬಿಡೇ. ಪರದೆ ಚೆನ್ನಾಗಿತ್ತಲ್ಲ" ಅಂದರು.

ಆಮೇಲೆ ಇನ್‌ಸ್ಟಿಟ್ಯೂಟಿನ ಮುಂದೆ ಫ್ಲೆಕ್ಸ್ ಎದ್ದಿತು. ನಮ್ಮಲ್ಲಿ ಕಲಿತು ವಿದೇಶಿ ಬ್ಲಾಕ್‌ಚೈನ್ ಕಂಪನಿ ಸೇರಿದವರು ಅಂತ. ನನ್ನ ಫೋಟೋದ ಆಚೀಚೆ ಇನ್ನಿಬ್ಬರು ಕೋಟು ಹಾಕಿದ ಗಂಡಸರಿದ್ದರು. ಯಾರು ಮೇಡಂ ಇವರು ಅಂದೆ. "ನಂಗೇನು ಗೊತ್ತು? ನೀನೊಬ್ಬಳೇ ಬೋಳು ಬೋಳಾಗಿ ಕಾಣ್ತಿದ್ದೆ, ಪ್ರಿಂಟಿನೋನೇ ಹಾಕ್ಕೊಟ್ಟ" ಅಂದರು. ಮಗುವಿನಿಂದ ಮುದುಕರವರೆಗೆ ಓಣಿಗೆ ಬಂದವರಿಗೆಲ್ಲ ನಾನು ಅವರ ಕೈಯಲ್ಲಿ ತಯಾರಾದ ನಂಬರ್ ಒನ್ ಸ್ಟೂಡೆಂಟ್. ಕೊನೆಯ ಸಲ ಹೋಗಿದ್ದಾಗ ತೀರಾ ಇಳಿದುಹೋಗಿದ್ದರು, ಕುರ್ಚಿಯಿಂದ ಏಳಲಿಲ್ಲ. "ಈಗ ಎಷ್ಟು ವರ್ಷ ಎಕ್ಸ್‌ಪೀರಿಯನ್ಸ್?" ಅಂದರು. ಎರಡು ಅಂದೆ. "ಐದು ಅನ್ನು, ಸಾಯ್ತಾ ಇರೋಳು ಹೇಳ್ತಿದೀನಿ" ಅಂದರು. ನಾನು ನಕ್ಕು ಎರಡು ಅಂತಲೇ ಅಂದೆ.

ಸುದ್ದಿ ಬಂದ ದಿನ ರಜೆ ಕೇಳಲು ನಮ್ಮ ಮೇಲಿನವರಿಗೆ ವಿಡಿಯೋ ಕಾಲ್ ಮಾಡಿದೆ. ಹಿಂದೂಪುರದ ಅದೇ ಹೆಂಗಸು. ನಮ್ಮ ಟೈಪಿಂಗ್ ಮೇಡಂ ಹೋಗಿಬಿಟ್ಟರು ಅಂದೆ.

"ಪರದೆ ಹಿಂದೆ ಇದ್ದವರಾ?" ಅಂದರು. ಹೂಂ ಅಂದೆ. ಅವರು ಹೇಳಿದರು: "ನಿನಗೆ ಗೊತ್ತಿಲ್ಲ. ನಿನ್ನನ್ನ ಬೇಡ ಅಂತಲೇ ತೀರ್ಮಾನ ಆಗಿತ್ತು. ರೆಸ್ಯೂಮೆಯಲ್ಲಿ ಸುಳ್ಳು, ಹಿಂದೆ ನಿಂತು ಹೇಳಿಕೊಡೋಕೆ ಜನ. ನಮ್ಮದು ತಪ್ಪು ಕಂಡರೆ ತಪ್ಪು ಅಂತ ಹೇಳೋ ಕೆಲಸ, ಇವಳನ್ನ ಹೆಂಗೆ ನಂಬೋದು ಅಂತ. ನಿಯಮ ಇದೆಯಲ್ಲ ಅಂತ ರೆಫರೆನ್ಸ್ ನಂಬರಿಗೆ ಒಂದು ಫೋನ್ ಮಾಡಿದೆ. ಈ ಹುಡುಗಿಯನ್ನ ನಂಬಬಹುದಾ ಅಂತ ಕೇಳಿದೆ."

"ಏನಂದ್ರು?"

"ಆ ಮೂರು ವರ್ಷ ಟೈಪ್ ಮಾಡಿದ್ದು ನಾನು, ಅವಳು ಬೇಡ ಅಂದ್ರೂ ಕೇಳದೆ ಮಾಡಿದ್ದು ಅಂದ್ರು. ಮೂರು ತಿಂಗಳು ಹಗಲೆಲ್ಲ ಕೂರಿಸಿಕೊಂಡು ಅವಳಿಗೆ ಸುಳ್ಳು ಹೇಳೋದು ಕಲಿಸಿದೀನಮ್ಮ, ಮೂವತ್ತು ವರ್ಷದ ನನ್ನ ಸರ್ವೀಸಲ್ಲಿ ಇಷ್ಟು ಚೆನ್ನಾಗಿ ಫೇಲಾದೋಳು ಇವಳೊಬ್ಬಳೇ ಅಂದ್ರು. ಫೋನಿಟ್ಟು ನಿನಗೆ ಮೇಲ್ ಬರೆದೆ."

ಎರಡು ವರ್ಷ ನಾನು ಆ ಕೋಡಿನ ತಪ್ಪು ಹಿಡಿದಿದ್ದಕ್ಕೆ ಕೆಲಸ ಸಿಕ್ಕಿತು ಅಂದುಕೊಂಡಿದ್ದೆ. ಮೇಡಂ ಆ ಫೋನಿನ ವಿಷಯ ನನಗೆ ಒಂದು ದಿನವೂ ಹೇಳಲಿಲ್ಲ. ಊರಿಗೆಲ್ಲ ನನ್ನನ್ನು ನಂಬರ್ ಒನ್ ಅಂತ ಸಾರಿಕೊಂಡು, ಗುರುತಿಲ್ಲದ ಒಬ್ಬರ ಹತ್ತಿರ ಮಾತ್ರ ತಮ್ಮ ಮಾನವನ್ನೇ ಕಳೆದುಕೊಂಡು ನನ್ನನ್ನು ಫೇಲ್ ಮಾಡಿದ್ದರು. ಕ್ಯಾಮೆರಾ ಆಫ್ ಮಾಡುವುದಕ್ಕೂ ತೋಚದೆ ಅಲ್ಲೇ ಅತ್ತುಬಿಟ್ಟೆ.